ಅಡವಿಯಪ್ಪನವರಿಗೆ ಸಿಟ್ಟು ಬರುವುದಿಲ್ಲ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಅಡವಿಯಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ, ‘ಯಾರು, ಆ ಸಿಟ್ಟೇ ಬರದ ಯಜಮಾನರಾ?’ ಎಂದು ತಿರುಗಿ ಕೇಳಿಯೇ ದಾರಿ ತೋರಿಸುತ್ತಾರೆ. ಸುಳ್ಳೇನಲ್ಲ. ಹೋದ ವರ್ಷ ಪಕ್ಕದ ಮನೆಯ ಸೋಮಶೇಖರ್ ಹೊಸ ಕಾರನ್ನು ರಿವರ್ಸ್ ತೆಗೆಯಲು ಹೋಗಿ ಇವರ ಕಾಂಪೌಂಡ್ ಗೋಡೆಯನ್ನೇ ಕೆಡವಿಹಾಕಿದ. ಬೇರೆ ಯಾರಾದರೂ ಆಗಿದ್ದರೆ ಬೀದಿರಂಪ ಆಗುತ್ತಿತ್ತು. ಇವರು ಹೊರಗೆ ಬಂದರು, ಬಿದ್ದ ಇಟ್ಟಿಗೆ ನೋಡಿದರು, ‘ನಿಂಗೇನೂ ಪೆಟ್ಟಾಗ್ಲಿಲ್ವಲ್ಲಪ್ಪ?’ ಎಂದು ಕೇಳಿ ಒಳಗಿಂದ ಒಂದು ಲೋಟ ನೀರು ತಂದುಕೊಟ್ಟರು. ಆ ನೀರು ಕುಡಿದ ಸೋಮಶೇಖರ್ ಈಗಲೂ ಹೋಟೆಲಿನಲ್ಲಿ ಕೂತು ಈ ಕತೆ ಹೇಳುತ್ತಾನೆ.

ಅಣ್ಣ ತಮ್ಮಂದಿರ ಜಗಳ, ಗಂಡ ಹೆಂಡಿರ ಜಗಳ, ಸೈಟಿನ ಗಡಿಯ ಜಗಳ, ಎಲ್ಲವೂ ಇವರ ಜಗಲಿಗೆ ಬರುತ್ತವೆ. ಯೋಗದ ಕ್ಲಾಸಿನವರು ಎರಡು ಸಲ ಬಂದು, ‘ಸಿಟ್ಟು ಗೆಲ್ಲೋದು ಹೇಗೆ ಅಂತ ನಾಲ್ಕು ಮಾತಾಡಿ ಸಾರ್’ ಎಂದು ಗೋಗರೆದರು. ಇವರು ಕೈಮುಗಿದು ಕಳಿಸಿಬಿಟ್ಟರು. ಅದಕ್ಕೂ ಜನ, ‘ಎಂಥಾ ದೊಡ್ಡ ಗುಣ ನೋಡಿ’ ಎಂದರು. ಜನರದ್ದೇನು ಬಿಡಿ, ಸಿಟ್ಟು ಮಾಡದವನೊಬ್ಬ ಸಿಕ್ಕಿದರೆ ದೇವರ ಮನೆಯಲ್ಲೇ ಕೂರಿಸಿಬಿಡುತ್ತಾರೆ. ಇವನಿಗೆ ಯಾಕೆ ಬರುವುದಿಲ್ಲ ಎಂದು ಕೇಳುವ ಗೋಜಿಗೆ ಮಾತ್ರ ಯಾರೂ ಹೋಗುವುದಿಲ್ಲ.

ಕೇಳಿದವರು ಒಬ್ಬರೇ, ಹೆಂಡತಿ ಶಕುಂತಲಮ್ಮ. ಆಕೆ ಕಟ್ಟಿಕೊಂಡ ಗಂಡ ಇವರಾಗಿರಲಿಲ್ಲ. ಆ ಅಡವಿಯಪ್ಪ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದು ತಟ್ಟೆಯನ್ನೇ ಗೋಡೆಗೆ ಬೀಸಿದವನು. ಮೂಗಿನ ತುದಿಯಲ್ಲೇ ಕೋಪ. ಮದುವೆಯ ದಿನ ವಾಲಗದವರ ಜೊತೆ ಜಗಳ ತೆಗೆದು ಪಂಚೆ ಎತ್ತಿಕಟ್ಟಿದ್ದ ಮಹಾಶಯ. ಹದಿನೆಂಟು ವರ್ಷದ ಕೆಳಗೆ ಒಂದು ದಿನ ಡ್ಯೂಟಿ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿದವರು ಎದ್ದಾಗ ಹೀಗಾಗಿದ್ದರು. ಬೈಗುಳವಿಲ್ಲ, ಗದರಿಕೆಯಿಲ್ಲ. ಮೊದಲು ಒಂದು ವರ್ಷ ಆಕೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆಮೇಲೆ ಯಾಕೋ ಹೆದರಿಕೆ ಶುರುವಾಯಿತು.

‘ರೀ, ಒಂದ್ಸಲ ಬೈದ್ಬಿಡ್ರೀ,’ ಎಂದು ಸಾರು ಸೀದ ಒಂದು ದಿನ ಬಾಯಿಬಿಟ್ಟೇ ಕೇಳಿದ್ದರು. ‘ನಿಮ್ಮ ಸಿಟ್ಟಿಗೆ ನಾನು ಒಗ್ಗಿದ್ದೆ. ಈ ಸುಮ್ನಿರೋದು ಇದೆಯಲ್ಲ, ಇದೇ ನಂಗೆ ಭಯ.’

‘ಚೆನ್ನಾಗೇ ಇದೆ ಬಿಡೇ ಸಾರು,’ ಎಂದು ಅಡವಿಯಪ್ಪನವರು ಸೀದ ಸಾರನ್ನೇ ಎರಡು ಸಲ ಬಡಿಸಿಕೊಂಡು ಉಂಡರು. ಉಣ್ಣುವಷ್ಟು ಹೊತ್ತೂ ಅವರ ಎಡಗೈ ತೊಡೆಯ ಕೆಳಗೆ ಇತ್ತು. ಒಳಗೆ ಏನಾದರೂ ಕುದಿಯಲು ಶುರುವಾದರೆ ಅವರು ಮೊದಲು ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದರು. ಕೈ ಜೋಮು ಹಿಡಿಯುವ ಹೊತ್ತಿಗೆ ಕುದಿಯುವುದೂ ನಿಲ್ಲುತ್ತಿತ್ತು. ನಿಂತಿತು ಎಂದರೆ ಹೋಯಿತು ಎಂದೇ ಅವರ ಲೆಕ್ಕ. ಸಿಟ್ಟು ನನ್ನಿಂದ ಪೂರ್ತಿ ಕಳಚಿಕೊಂಡು ಹೋಗಿದೆ ಎಂದು ಅವರು ನಂಬಿದ್ದರು. ಬದುಕುವುದಕ್ಕೆ ಆ ನಂಬಿಕೆಯೊಂದೇ ಅವರಿಗೆ ಉಳಿದಿತ್ತು.

ಯಾಕೆಂದರೆ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಫೋನು ಬಡಿದುಕೊಳ್ಳುತ್ತಿತ್ತು. ಮನೆಯಲ್ಲಿ ಲ್ಯಾಂಡ್‌ಲೈನ್ ತೆಗೆಸಿ ಹತ್ತು ವರ್ಷವಾಗಿದೆ, ಮೊಬೈಲನ್ನು ಅವರು ಸದ್ದು ಮಾಡಲು ಬಿಡುವುದಿಲ್ಲ. ಆದರೂ ಹಗಲು ಹೊತ್ತಿನಲ್ಲಿ, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿರುವಾಗ, ಕುಕ್ಕರ್ ವಿಷಲ್ ಹಾಕುತ್ತಿರುವಾಗ, ಹಳೇ ಕಪ್ಪು ಫೋನಿನ ಗಂಟೆ ಅವರ ಕಿವಿಯಲ್ಲಿ ಹೊಡೆಯುತ್ತಿತ್ತು. ಎತ್ತುವುದು ಬೇಡ, ತಾನಾಗಿ ಮಾತು ಕೇಳುತ್ತಿತ್ತು. ‘ಸಾರ್, ಕೆಲ್ಸ ಮುಗೀತು. ಆದ್ರೆ...’ ಅಷ್ಟೇ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗಲೂ ಒಮ್ಮೊಮ್ಮೆ ಆ ‘ಆದ್ರೆ’ ಬಂದು ಮುಂದೆ ಕೂರುತ್ತಿತ್ತು. ಆಗ ವಿಭೂತಿ ಇಡುವ ಕೈ ಹಾಗೇ ನಿಂತುಬಿಡುತ್ತಿತ್ತು.

ಆ ಮಾತು ಗುಂಡಯ್ಯನದು. ಹೆಬ್ಬೂರಿಗೂ ಕುಣಿಗಲ್ಲಿಗೂ ನಡುವೆ ಇದ್ದ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಅಡವಿಯಪ್ಪನವರು ಆಪರೇಟರ್ ಆಗಿದ್ದಾಗ ಗುಂಡಯ್ಯ ಆ ಕಡೆಯ ಲೈನ್‌ಮನ್. ಕಂಬ ಹತ್ತುವ ಮೊದಲು ಲೈನ್‌ಮನ್ ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟು ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಆಪರೇಟರು ಸ್ವಿಚ್ ತೆಗೆದು ಒಂದು ನಂಬರ್ ಕೊಡುತ್ತಾನೆ. ಕೆಲಸ ಮುಗಿಸಿ ಕೆಳಗಿಳಿದವನು ಮತ್ತೆ ಫೋನ್ ಮಾಡಿ ಅದೇ ನಂಬರನ್ನು ತನ್ನ ಬಾಯಿಂದಲೇ ವಾಪಸ್ ಹೇಳಬೇಕು. ನಂಬರ್ ವಾಪಸ್ ಬರುವ ತನಕ ಆ ಲೈನು ಕಂಬದವನದು, ಬ್ರಹ್ಮ ಬಂದು ಹೇಳಿದರೂ ಸ್ವಿಚ್ ಹಾಕುವ ಹಾಗಿಲ್ಲ. ಕಂಬ ಹತ್ತುವವರೆಲ್ಲ ಈ ಒಂದು ನಂಬಿಕೆಯ ಮೇಲೇ ಹತ್ತುತ್ತಾರೆ.

ಗುಂಡಯ್ಯನೂ ಸಿಡುಕ. ಇಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಆ ದಿನ ಬೆಳಗ್ಗೆ ಆರರಿಂದ ರೈತರು ಫೋನ್ ಮಾಡಿ ಕರೆಂಟು ಯಾವಾಗಲೋ ಎಂದು ಆಪರೇಟರನ ತಾಯಿ ತಂದೆಯನ್ನೆಲ್ಲ ನೆನೆದಿದ್ದರು. ಮೇಲಿನವರು ‘ಸ್ವಲ್ಪ ತಡಿ’ ಎಂದಿದ್ದರಿಂದ ಗುಂಡಯ್ಯನಿಗೆ ಲೈನ್ ಕ್ಲಿಯರ್ ಕೊಡುವುದು ಮುಕ್ಕಾಲು ಗಂಟೆ ತಡವಾಯಿತು. ಅವನು ಬಿಸಿಲಲ್ಲಿ ಕಾದೂ ಕಾದೂ ರೇಗಿ, ‘ಫ್ಯಾನ್ ಕೆಳಗೆ ಕುರ್ಚಿ ಬಿಸಿ ಮಾಡೋ ನಿಂಗೆ ಕಂಬದ ಬಿಸಿ ಏನ್ ಗೊತ್ತಯ್ಯ?’ ಎಂದು ಏಕವಚನದಲ್ಲೇ ಝಾಡಿಸಿದ. ಫೋನಿನಿಂದ ಆಚೆಗೆ ಕೇಳುವಷ್ಟು ಜೋರು. ಸ್ಟೇಷನ್ನಿನಲ್ಲಿದ್ದ ಇಬ್ಬರು ನಕ್ಕರು. ಅಡವಿಯಪ್ಪನ ಮೈ ಉರಿದುಹೋಯಿತು.

ಹನ್ನೊಂದು ಹತ್ತಕ್ಕೆ ಮತ್ತೆ ಫೋನು. ಟೀ ಅಂಗಡಿಯ ಕಾಯಿನ್ ಬಾಕ್ಸಿನಿಂದ. ‘ಸಾರ್, ಕೆಲ್ಸ ಮುಗೀತು. ಆದ್ರೆ...’ ಎಂದ ಗುಂಡಯ್ಯ. ‘ಮುಗೀತಲ್ಲ? ಇಡೋ ಫೋನು!’ ಎಂದು ಅಡವಿಯಪ್ಪ ಫೋನನ್ನು ಕುಕ್ಕಿದ. ಕುಕ್ಕಿದವನು ಅದೇ ಕೈಯಲ್ಲಿ ಪೆನ್ನು ತೆಗೆದುಕೊಂಡು ರಿಜಿಸ್ಟರಿನ ವಾಪಸಾತಿಯ ಕಾಲಂನಲ್ಲಿ ನಂಬರನ್ನು ತಾನೇ ಬರೆದ. ಎದ್ದುಹೋಗಿ ಸ್ವಿಚ್ ಹಾಕಿದ. ಐದು ನಿಮಿಷಕ್ಕೆ ಲೈನು ಟ್ರಿಪ್ ಆಗಿ ಸ್ವಿಚ್ ತಾನಾಗಿ ಬಿತ್ತು. ಕುಣಿಗಲ್ ಕಡೆಯ ಹೊಲದಲ್ಲಿ ಕಂಬದ ಮೇಲೆ ಗುಂಡಯ್ಯ ಜೀವ ಬಿಟ್ಟಿದ್ದ.

ಎನ್‌ಕ್ವೈರಿಗೆ ಬಂದವರು ಒಂದೇ ಪ್ರಶ್ನೆ ಕೇಳಿದರು. ‘ನಂಬರ್ ವಾಪಸ್ ಹೇಳಿದ್ನಾ?’

‘ಹೇಳ್ದ ಸಾರ್.’

ಅಷ್ಟರ ಮೇಲೆ ಎಲ್ಲ ನಿಂತಿತು. ಟೀ ಅಂಗಡಿಯವನು, ‘ಫೋನ್ ಇಟ್ಟು ಬೈಕೊಂಡೇ ಹೋಗಿ ಕಂಬ ಹತ್ತಿದ’ ಎಂದು ಹೇಳಿಕೆ ಕೊಟ್ಟ. ನಂಬರ್ ವಾಪಸ್ ಕೊಟ್ಟ ಮೇಲೂ ಸಿಟ್ಟಿನ ಭರದಲ್ಲಿ ಮತ್ತೆ ಕಂಬ ಹತ್ತಿದ್ದೇ ಸಾವಿಗೆ ಕಾರಣ ಎಂದು ವರದಿಯಾಯಿತು. ಗುಂಡಯ್ಯನ ಸಿಟ್ಟೇ ಗುಂಡಯ್ಯನನ್ನು ತಿಂದಿತು ಎಂದು ಎಲ್ಲರೂ ಮಾತಾಡಿಕೊಂಡರು. ಅವನ ಹೆಂಡತಿ ಓಬಳಮ್ಮ ಏಳು ವರ್ಷದ ಮಗಳನ್ನು ಕರೆದುಕೊಂಡು ತವರೂರು ಗುಬ್ಬಿಗೆ ಹೋದಳು. ಅಲ್ಲಿನ ವಿದ್ಯುತ್ ಆಫೀಸಿನಲ್ಲಿ ಅವಳಿಗೆ ಅಟೆಂಡರ್ ಕೆಲಸ ಕೊಟ್ಟರು.

ಮೊದಮೊದಲು ಅಡವಿಯಪ್ಪನವರು, ಕಾಯಿನ್ ಬಾಕ್ಸಿನಲ್ಲಿ ನಿಮಿಷ ತೀರಿ ಲೈನು ತಾನೇ ಕಟ್ಟಾಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಫೋನು ಕುಕ್ಕಿದ ಕೈಗೆ ಗೊತ್ತಿತ್ತು, ಅದು ನಂಬಲಿಲ್ಲ. ಆಮೇಲೆ ಆ ಅರ್ಧ ಮಾತನ್ನು ಪೂರ್ತಿ ಮಾಡುವ ಹುಚ್ಚು ಹತ್ತಿತು. ‘ಆದ್ರೆ ಇನ್ನೊಂದ್ಸಲ ಹತ್ತಬೇಕು ಸಾರ್.’ ಇದೇ ಇರಬೇಕು, ಕೆಲಸ ಗೊತ್ತಿದ್ದ ಯಾರೇ ಆದರೂ ಇದನ್ನೇ ಹೇಳುತ್ತಾರೆ. ಆದರೆ ಕೆಲವು ದಿನ ಬೇರೆಯದೇ ಕೇಳುತ್ತಿತ್ತು. ‘ಆದ್ರೆ ಬೆಳಗ್ಗೆ ಬೈದದ್ದಕ್ಕೆ ಬೇಜಾರ್ ಮಾಡ್ಕೋಬೇಡಿ ಸಾರ್.’ ಇದು ಕೇಳಿದ ದಿನ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ವರ್ಷಕ್ಕೆರಡು ಸಲ ಗುಬ್ಬಿಗೆ ಹೋಗುತ್ತಿದ್ದರು. ಗುಂಡಯ್ಯನ ಮಗಳು ಪೂಜಾಳಿಗೆ ಲೆಕ್ಕ ಹೇಳಿಕೊಟ್ಟರು, ಡಿಪ್ಲೊಮಾ ಸೀಟಿಗೆ ಅರ್ಜಿ ತುಂಬಿಕೊಟ್ಟರು. ಓಬಳಮ್ಮ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಾಗಲೆಲ್ಲ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅದನ್ನೂ ದೊಡ್ಡತನವೆಂದೇ ತಿಳಿದರು ಪಾಪದ ಹೆಂಗಸರು.

ಈ ಪೂಜಾ ಈಗ ಇಪ್ಪತ್ತೈದರ ಹುಡುಗಿ. ಹೋದ ಗುರುವಾರ ತುಮಕೂರಿಗೆ ಬಂದು ಅಡವಿಯಪ್ಪನವರ ಎದುರು ಕೂತಳು. ಕೈಯಲ್ಲಿ ನೇಮಕದ ಆರ್ಡರ್ ಇತ್ತು. ಹುತ್ರಿದುರ್ಗದ ಕಡೆಯ ಒಂದು ಸ್ಟೇಷನ್ನಿಗೆ ಆಪರೇಟರ್ ಕೆಲಸ. ಸೋಮವಾರ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಆರ್ಡರ್ ರದ್ದು.

‘ಅಮ್ಮ ಬಿಡ್ತಿಲ್ಲ ಸಾರ್,’ ಎಂದಳು. ‘ಗುಂಡಯ್ಯನ ಮಗಳು ಆ ಫೋನಿನ ಮುಂದೆ ಕೂತ್ರೆ ಯಾವ ತಾಯಿ ತಾಳಿ ಹರಿಯುತ್ತೋ ಅಂತಾಳೆ. ಅಪ್ಪನ ಸಿಟ್ಟು ರಕ್ತದಲ್ಲೇ ಇರುತ್ತಂತೆ. ನಂಗೆ ಸಿಟ್ಟು ಬಂದು ಎಷ್ಟು ವರ್ಷ ಆಯ್ತೋ ನಂಗೇ ನೆನಪಿಲ್ಲ. ಹೇಳಿದ್ರೆ ನಂಬಲ್ಲ. ಒಳಗೆ ಅಡಗಿ ಕೂತಿರುತ್ತೆ, ಪೂರ್ತಿ ಹೋಗಲ್ಲ ಅಂತಾಳೆ.’

‘ನಾನೇನು ಮಾಡ್ಲಮ್ಮ?’

‘ನೀವು ಬಂದು ಹೇಳಿ ಸಾರ್, ಸಿಟ್ಟು ಪೂರ್ತಿ ಹೋಗುತ್ತೆ ಅಂತ. ನೀವೂ ಮೊದ್ಲು ಭಾಳ ಸಿಡುಕ ಅಂತೆ, ಅಪ್ಪ ಹೇಳ್ತಿದ್ರಂತೆ. ಈಗ ನೋಡಿ ಹೇಗಿದೀರಿ. ನಿಮ್ಮನ್ನ ಕಣ್ಣಾರೆ ಕಂಡಿದಾಳೆ, ನಿಮ್ಮ ಮಾತು ಕೇಳ್ತಾಳೆ.’

ಶಕುಂತಲಮ್ಮ ಕಾಫಿ ತಂದಿಟ್ಟು, ‘ಹೋಗ್ಬನ್ರೀ, ಮಗುವಿನ ಕೆಲಸದ ವಿಷಯ’ ಎಂದರು. ಭಾನುವಾರ ಬರುತ್ತೇನೆ ಎಂದು ಅಡವಿಯಪ್ಪನವರು ಒಪ್ಪಿಕೊಂಡರು. ಒಪ್ಪಿದ ಮೇಲೆ ಮೂರು ದಿನ ಅವರ ಅವಸ್ಥೆ ಯಾರಿಗೂ ಬೇಡ. ಹೋಗಿ, ‘ಹೌದಮ್ಮ, ಸಿಟ್ಟು ಹೋಗುತ್ತೆ’ ಎಂದರೆ ಸಾಕು, ಹುಡುಗಿಗೆ ಕೆಲಸ, ಇವರಿಗೆ ಮರ್ಯಾದೆ. ಆದರೆ ಸತ್ತವನ ಹೆಸರಿಗೆ ಮೆತ್ತಿದ ಕೊಳೆ ಹಾಗೇ ಉಳಿಯುತ್ತದೆ, ಮಗಳು ಅದನ್ನೇ ಹೊತ್ತುಕೊಂಡು ಹೋಗಿ ಫೋನಿನ ಮುಂದೆ ಕೂರುತ್ತಾಳೆ. ನಿಜ ಹೇಳಿದರೆ? ಹೇಳಿದರೆ ಕ್ಯಾತ್ಸಂದ್ರದ ಯಜಮಾನರು ಸತ್ತ ಹಾಗೆಯೇ. ಫೋನು ಆ ಮೂರು ದಿನ ಹನ್ನೊಂದು ಹತ್ತಕ್ಕೆ ಮಾತ್ರ ಅಲ್ಲ, ಸ್ನಾನಕ್ಕೆ ಹೋದರೂ, ಅಂಗಡಿಗೆ ಹೋದರೂ ಬಡಿದುಕೊಂಡಿತು. ಭಾನುವಾರ ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ‘ಹೇಳಿಬಿಡ್ತೀನಿ ಕಣೋ ಗುಂಡಯ್ಯ, ಇನ್ನು ಸುಮ್ನಿರೋ’ ಎಂದು ಜೋರಾಗಿಯೇ ಅಂದರು. ಪಕ್ಕದಲ್ಲಿದ್ದವನು ಎದ್ದು ಬೇರೆ ಸೀಟಿಗೆ ಹೋದ.

ಓಬಳಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗೋಡೆಯ ಮೇಲೆ ಗುಂಡಯ್ಯನ ಫೋಟೋ ಇತ್ತು. ಪೂಜಾ ಕುರ್ಚಿ ಎಳೆದು ಹಾಕಿ, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರಿಟ್ಟಳು.

‘ನೀವೇ ಹೇಳಿ ಸಾ,’ ಎಂದು ಓಬಳಮ್ಮ ನೆಲದ ಮೇಲೆ ಕೂತಳು. ‘ಇವ್ಳಪ್ಪಂಗೆ ಎಷ್ಟು ಹೇಳಿದ್ದೆ ನಾನು, ಸಿಟ್ಟು ಬುಡು, ಸಿಟ್ಟು ಬುಡು ಅಂತ. ಬುಟ್ನಾ? ಕೊನೆಗೆ ಅದೇ ನುಂಗ್ತು. ಈ ಬುದ್ಧಿ ಪೂರ್ತಿ ಹೋಗ್ತದಾ ಸಾ? ಇಲ್ಲ, ಸುಮ್ನೆ ಮುಚ್ಚಿಟ್ಕಂಡಿರೋದಾ?’

ಅಡವಿಯಪ್ಪನವರು ಫೋಟೋದ ಕಡೆ ನೋಡಲಿಲ್ಲ. ‘ಓಬಳಮ್ಮ, ಗುಂಡಯ್ಯನ್ನ ಅವನ ಸಿಟ್ಟು ತಿನ್ಲಿಲ್ಲ. ನನ್ನ ಸಿಟ್ಟು ತಿಂತು,’ ಎಂದರು. ಆಮೇಲೆ ನಿಲ್ಲಿಸದೆ ಎಲ್ಲ ಹೇಳಿದರು. ಕುರ್ಚಿ ಬಿಸಿಯ ಮಾತು, ನಕ್ಕ ಇಬ್ಬರು, ಕುಕ್ಕಿದ ಫೋನು, ‘ಆದ್ರೆ’. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗುತ್ತಿದೆ ಎನಿಸಿತು. ಇದೋ, ಈಗ ಇವರು ಬೈಯುತ್ತಾರೆ, ಉಗಿಯುತ್ತಾರೆ, ತಾನು ತಲೆ ತಗ್ಗಿಸಿ ಕೂರುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು.

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ಪೂಜಾ ಹೋಗಿ ಉರಿ ಆರಿಸಿ ಬಂದಳು.

‘ನಂಬರ್ ನೀವು ಕೇಳಿದ್ರಾ ಸಾರ್?’ ಎಂದಳು.

‘ಇಲ್ಲಮ್ಮ.’

‘ಅಪ್ಪ ಹೇಳಿದ್ರಾ?’

‘ಇಲ್ಲ.’

‘ಬರ್ದಿದ್ದು?’

‘ನಾನೇ.’

‘ಎನ್‌ಕ್ವೈರೀಲಿ?’

‘ಹೇಳ್ದ ಅಂದೆ.’

ಅವಳು ದನಿ ಏರಿಸಲಿಲ್ಲ. ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ಸ್ಟೂಲಿನ ಮೇಲಿಟ್ಟಳು. ‘ಇದನ್ನೇ ಬರ್ದು ಸೈನ್ ಮಾಡಿಕೊಡಿ ಸಾರ್. ಆಫೀಸಿಗೆ ಕೊಡ್ತೀನಿ. ಅಪ್ಪನ ಫೈಲಲ್ಲಿ ಇದೂ ಇರ್ಬೇಕು.’

ಇಷ್ಟನ್ನು ಅಡವಿಯಪ್ಪನವರು ಯೋಚಿಸಿರಲಿಲ್ಲ. ಈ ನಾಲ್ಕು ಗೋಡೆಯೊಳಗೆ ಅತ್ತು ಹೋಗುವುದು ಬೇರೆ, ಕಾಗದದ ಮೇಲೆ ಬರುವುದು ಬೇರೆ. ಪೊಲೀಸು, ಪೇಪರು, ಶಕುಂತಲಮ್ಮನ ಮುಖ, ಸೋಮಶೇಖರನ ಹೋಟೆಲು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ‘ನೋಡಮ್ಮ...’ ಎಂದರು.

‘ಬರೀರಿ ಸಾರ್.’

‘ಏಯ್! ನಾನಾಗಿ ಬಂದು ಹೇಳಿದೀನಲ್ಲ, ಸಾಲ್ದಾ ನಿಂಗೆ? ಬಾಯಿ ಮುಚ್ಕೊಂಡು ಇದ್ದಿದ್ರೆ ಯಾವಳಿಗೆ ಗೊತ್ತಾಗ್ತಿತ್ತು? ನಿನ್ನೆ ಮೊನ್ನೆ ಕಣ್ಬಿಟ್ಟ ಹುಡುಗಿ, ನಂಗೇ ಬರಿ ಅಂತೀಯಾ?’

ಕೈ ಸ್ಟೂಲಿಗೆ ಬಡಿದ ಸದ್ದು ಆಮೇಲೆ ಕೇಳಿಸಿತು. ಲೋಟ ಉರುಳಿ ನೀರು ನೆಲದ ಮೇಲೆ ಹರಿಯಿತು. ಓಬಳಮ್ಮ ಬೆಚ್ಚಿ ಹಿಂದಕ್ಕೆ ಸರಿದಳು. ಅಡವಿಯಪ್ಪನವರು ತಮ್ಮ ಬಲಗೈಯನ್ನೇ ನೋಡಿದರು. ಕೆಂಪಾಗಿ ಧಿಮಿಧಿಮಿ ಅನ್ನುತ್ತಿತ್ತು. ಏನೂ ಹೋಗಿರಲಿಲ್ಲ. ಸಿಟ್ಟು ಐವತ್ತನೇ ವಯಸ್ಸಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಕೂದಲೂ ನರೆತಿರಲಿಲ್ಲ. ಅಷ್ಟು ವರ್ಷ ಕೈ ಮೇಲೆ ಕೂತದ್ದು, ಸೀದ ಸಾರು ಉಂಡದ್ದು, ಊರವರ ಜಗಳ ಬಿಡಿಸಿದ್ದು, ಎಲ್ಲ ಅದರ ಕಾವಲು ಕಾಯ್ದದ್ದೇ ಹೊರತು ಬೇರೇನಲ್ಲ ಎಂದು ಅವರಿಗೆ ಗೊತ್ತಾಗಿಹೋಯಿತು. ತಮ್ಮ ಕೈ ಕಂಡೇ ಅವರಿಗೆ ಭಯವಾಯಿತು.

ಪೂಜಾ ಒಂದು ಹೆಜ್ಜೆಯೂ ಅಲುಗಿರಲಿಲ್ಲ. ಬಟ್ಟೆ ತಂದು ನೀರು ಒರೆಸಿದಳು, ಒದ್ದೆಯಾದ ಹಾಳೆ ತೆಗೆದು ಬೇರೆ ಹಾಳೆ ಇಟ್ಟಳು.

ಅಡವಿಯಪ್ಪನವರು ಬರೆದರು. ಅಕ್ಷರ ಸೊಟ್ಟಗಾದವು. ತಾರೀಕು ಹಾಕಿದರು, ಸೈನ್ ಮಾಡಿದರು. ಪೂಜಾ ಎರಡು ಸಲ ಓದಿ, ಮಡಿಚಿ, ಅಮ್ಮನ ಕೈಗೆ ಕೊಟ್ಟಳು.

ಓಬಳಮ್ಮ ಕಾಗದವನ್ನು ಬಿಚ್ಚಲಿಲ್ಲ. ‘ದಿನಾ ದೀಪ ಹಚ್ಚಿ ಬೈತಿದ್ದೆ ಸಾ ಅವನ್ನ,’ ಎಂದಳು. ‘ನಿನ್ನ ಸಿಟ್ಟಿಗಿಷ್ಟು ಬೆಂಕಿ ಬೀಳ, ಮಗೀನ ತಬ್ಬಲಿ ಮಾಡ್ದಲ್ಲೋ ಅಂತ. ಒಂದಿನಾನೂ ಬುಟ್ಟಿಲ್ಲ. ಅವ್ನು ಮಾಡದೇ ಇದ್ದ ತೆಪ್ಪಿಗೆ ಹದಿನೆಂಟು ವರ್ಷ ಬೈಸ್ಕಂಡು ಅಲ್ಲೇ ನೇತಾಡ್ತಾವ್ನೆ.’ ಉಸಿರು ಎಳೆದುಕೊಂಡು ಮಗಳ ಕಡೆ ನೋಡಿದಳು. ‘ಇವ್ಳಿಗೆ ಹತ್ತು ವರ್ಷ ಆಗಿತ್ತು. ಸಿಟ್ಟಲ್ಲಿ ಸ್ಲೇಟು ಎಸೆದ್ಲು ಅಂತ ಸೌಟು ಕಾಯಿಸಿ ಬರೆ ಹಾಕ್ದೆ. ಅವ್ರಪ್ಪನಂಗೆ ಸಾಯ್ಬಾರ್ದು ಅಂತ. ಅತ್ರೆ ಇನ್ನೊಂದು ಹಾಕ್ದೆ. ಸಿಟ್ಟು ಬಂದಾಗಲೆಲ್ಲ ಕತ್ತಲೆ ಕೋಣೇಲಿ ಹಾಕಿ ಬಾಗ್ಲು ಹಾಕ್ದೆ. ಸುಮ್ನಾಗೋಗಂಟ ತೆಗೀಲಿಲ್ಲ.’

ಅಡವಿಯಪ್ಪನವರು ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡರು. ಕೈ ಏಳಲಿಲ್ಲ. ಕೆಟ್ಟದ್ದೆಲ್ಲ ಆ ಕಂಬದ ಮೇಲೆ ಮುಗಿಯಿತು ಎಂದುಕೊಂಡಿದ್ದವರಿಗೆ ಅದು ಈ ಮನೆಯೊಳಗೆ ಪ್ರತಿದಿನ ಆಗುತ್ತಲೇ ಇತ್ತೆಂಬುದು ತಿಳಿದಿರಲಿಲ್ಲ. ತಾನು ಬಂದು ಲೆಕ್ಕ ಹೇಳಿಕೊಟ್ಟು ಹೋದ ದಿನಗಳಲ್ಲೂ ಆಗುತ್ತಿತ್ತು.

ಓಬಳಮ್ಮ ಎದ್ದು ಮಗಳ ಎರಡೂ ಭುಜ ಹಿಡಿದುಕೊಂಡಳು. ‘ನಾಳೆ ಹೋಗು ಡ್ಯೂಟಿಗೆ. ನಾನು ತಡೆಯಾಕಿಲ್ಲ. ನಿಮ್ಮಪ್ಪಂದೇನೂ ತೆಪ್ಪಿಲ್ಲ, ನಿಂದೂ ಇಲ್ಲ. ಈಗ ಈವಯ್ಯನ್ನ ಬೈಯೇ. ಬಾಯಿಗೆ ಬಂದಂಗೆ ಬೈಯಿ. ನನ್ನೂ ಬೈಯಿ. ಯಾರೂ ಕೋಣೇಲಿ ಹಾಕಾಕಿಲ್ಲ, ಬೈಯೇ ಮಗ.’

ಪೂಜಾ ಅಡವಿಯಪ್ಪನವರ ಕಡೆ ತಿರುಗಿದಳು. ಬಾಯಿ ತೆರೆದಳು. ಅವರು ಎದ್ದು ನಿಂತು ಕಾದರು. ಈ ಮಗು ಬಾರಿಸಿದರೂ ಸರಿ, ಉಗಿದರೂ ಸರಿ, ಏನಾದರೂ ಮಾಡಲಿ ಎಂದು ಒಳಗೇ ಬೇಡಿಕೊಂಡರು. ಹುಡುಗಿಯ ಗಂಟಲು ಏರಿತು, ಇಳಿಯಿತು. ಆಮೇಲೆ ಅಮ್ಮನ ಕಡೆ ತಿರುಗಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

‘ಬರ್ತಿಲ್ಲ ಕಣಮ್ಮ,’ ಎಂದಳು. ‘ಹುಡುಕ್ತಾ ಇದೀನಿ. ಏನೂ ಸಿಕ್ತಿಲ್ಲ.’

ಓಬಳಮ್ಮ ಅವಳನ್ನು ಹಿಡಿದು ಅಲುಗಾಡಿಸಿದಳು. ‘ಬತ್ತದೆ ಕಣೇ, ಬತ್ತದೆ, ನೋಡು ಇನ್ನೊಂದ್ಸಲ,’ ಎಂದು ಅಳುತ್ತಾ ಅಲುಗಾಡಿಸುತ್ತಲೇ ಇದ್ದಳು. ಅಡವಿಯಪ್ಪನವರಿಗೆ ಹೋಗಿ ಎಂದೂ ಯಾರೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ.